11 ಗಂಟೆಗೆ ಏಳುವ ಕೋವಿ

ನಮ್ಮ ಮನೆಯ ಕೋವಿ ಬೆಳಿಗ್ಗೆ 11 ಗಂಟೆಗೆ ಮೊದಲು ಏಳುತ್ತಿರಲಿಲ್ಲ. ಮನೆಯಲ್ಲಿ ಮಗನೂ ಹಾಗೇ ಇದ್ದಾನೆ. ಆದರೆ ಅವನಿಗೆ ಲೈಸೆನ್ಸ್ ಮಾಡಿಸಲು ನಾನು ಇಷ್ಟು ಓಡಾಡಿರಲಿಲ್ಲ.

ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟಕ್ಕೆ ಮಂಗಗಳ ಕಾಟ. ಬಾಳೆ, ಕಿತ್ತಳೆ, ಏಲಕ್ಕಿ ಯಾವುದನ್ನೂ ಬಿಡುವುದಿಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿಯ ಮಾತು ಮುಗಿಯಿತು. ಈಗ ಬೆಳೆ ಕಾಯುವ ಕೋವಿಗೆ ಇರುವುದು ಒಂದೇ ಕೆಲಸ. ಢಂ ಅಂತ ಒಂದು ಖಾಲಿ ಬೆದರಿಕೆ ಹಾಕುವುದು.

ಚಿಕ್ಕಪ್ಪನ ಹತ್ತಿರ ಜೋಡುನಳಿಗೆ ಕೋವಿ ಇತ್ತು. ಕಣ್ಣು ಮಂಜಾಯಿತು, ನೀನೇ ಇಟ್ಕೋ ಮಾರಾಯ ಅಂದರು. ಇಟ್ಟುಕೊಳ್ಳುವುದು ಅಷ್ಟು ಸುಲಭವೇ? 1959ರ ಆಯುಧ ಕಾಯ್ದೆ ಪ್ರಕಾರ ಕೊಡುವವರು 45 ದಿನ ಮೊದಲೇ ಬರೆದು ತಿಳಿಸಬೇಕು. ಆಮೇಲೆ ಅರ್ಜಿ, ಠಾಣೆ, ಫೋಟೊ, ಮತ್ತೆ ಅರ್ಜಿ, ಮತ್ತೆ ಫೋಟೊ. ನನ್ನ ಮದುವೆಗೂ ಇಷ್ಟು ವಿಚಾರಣೆ ನಡೆದಿರಲಿಲ್ಲ. ಮಳೆಗಾಲಕ್ಕೆ ಮೊದಲು ಶುರುವಾದದ್ದು, ಕೋವಿ ಮನೆಗೆ ಬರುವಾಗ ಡಿಸೆಂಬರ್.

ಹಸ್ತಾಂತರದ ದಿನ ಚಿಕ್ಕಪ್ಪ ಒಂದು ಗಂಟೆ ಪಾಠ ಮಾಡಿದರು. ಇದು 12 ಬೋರು. ಯಾಕೆ 12? ನಳಿಗೆಗೆ ಸರಿಯಾಗಿ ಕೂರುವ ಸೀಸದ ಗುಂಡು 12 ಮಾಡಿದರೆ ಒಂದು ಪೌಂಡ್ ತೂಕ, ಅದಕ್ಕೆ. ಮುಂದಿನ ಕುದುರೆ ಎಳೆದರೆ ಬಲಗಡೆ ನಳಿಗೆ, ಹಿಂದಿನದು ಎಳೆದರೆ ಎಡಗಡೆಯದು. ಟ್ರಿಗರ್ ಅಂದರೆ ಅವರಿಗೆ ಹಿಡಿಸುವುದಿಲ್ಲ, ಕುದುರೆಯೇ. ಹಿಡಿಯ ಕುತ್ತಿಗೆ ಮೇಲೆ ಹೆಬ್ಬೆರಳಿಗೆ ಸಿಗುವ ಹಾಗೆ ಒಂದು ಗುಂಡಿ ಇದೆ. ಅದೇ ಸೇಫ್ಟಿ. ನಳಿಗೆ ಬಗ್ಗಿಸಿದಾಗೆಲ್ಲ ಅದು ತಾನಾಗಿ ಹಿಂದಕ್ಕೆ ಸರಿದು ಕುದುರೆಗೆ ಬೀಗ ಹಾಕುತ್ತದೆ. ಹೊಡೆಯುವ ಮೊದಲು ಮುಂದಕ್ಕೆ ತಳ್ಳಬೇಕು. ತಳ್ಳಿದರೆ ಕೆಂಪು ಚುಕ್ಕೆ ಕಾಣುತ್ತದೆ. ಕೆಂಪು ಕಂಡರೆ ಹುಷಾರು.

"ನಲವತ್ತು ವರ್ಷದಲ್ಲಿ ಒಂದು ದಿನ ಕೈ ಕೊಟ್ಟಿಲ್ಲ," ಅಂದರು.

ನನಗೆ ಮೊದಲನೇ ದಿನವೇ ಕೊಟ್ಟಿತು.

ಬೆಳಿಗ್ಗೆ ಏಳು ಗಂಟೆ. ಬಾಯಲ್ಲಿ ಹೊಗೆ ಬರುವಂಥ ಚಳಿ. ಕಿತ್ತಳೆ ಮರದ ತುಂಬ ಮಂಗಗಳು. ಕೋವಿ ತುಂಬಿ, ಆಕಾಶದ ಕಡೆ ಹಿಡಿದು, ಗುಂಡಿ ತಳ್ಳಿದೆ. ಅಲುಗಲಿಲ್ಲ. ಹೆಬ್ಬೆರಳು ಬಿಳಿಚಿಕೊಳ್ಳುವ ತನಕ ಒತ್ತಿದೆ. ಊಹೂಂ. ಆದರೆ ಗುಂಡಿಯ ಸಂದಿನಲ್ಲಿ ಕೆಂಪು ಮಾತ್ರ ಚೆನ್ನಾಗಿ ಕಾಣುತ್ತಿದೆ! ಅಂದರೆ ಬೀಗ ಬಿದ್ದಿದೆಯೋ ಬಿಟ್ಟಿದೆಯೋ? ಮುಂದಿನ ಕುದುರೆಯನ್ನು ಮೆಲ್ಲಗೆ ಎಳೆದು ನೋಡಿದೆ. ಅರ್ಧ ಹೋಗಿ ಅಲ್ಲೇ ನಿಂತಿತು. ಸದ್ದೂ ಇಲ್ಲ, ವಾಪಸ್ಸೂ ಬರಲಿಲ್ಲ. ಒಂದು ದೊಡ್ಡ ಮಂಗ ಕೆಳಗಿನ ಕೊಂಬೆಗೆ ಇಳಿದು ಕೂತು, ಕಿತ್ತಳೆ ಸುಲಿಯುತ್ತಾ ನನ್ನನ್ನೇ ನೋಡಿತು. ನಾನು ನಡುಗುವ ಕೈಯಲ್ಲಿ ನಳಿಗೆ ಬಗ್ಗಿಸಿ ತೋಟಾ ಎರಡನ್ನೂ ಹೊರಗೆ ತೆಗೆದು ಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

ಮಧ್ಯಾಹ್ನ ಊಟ ಮುಗಿಸಿ ಜಗಲಿಯಲ್ಲಿ ಖಾಲಿ ಕೋವಿ ಹಿಡಿದು ನೋಡಿದರೆ ಗುಂಡಿ ಬೆಣ್ಣೆಯಲ್ಲಿ ಬೆರಳಾಡಿದ ಹಾಗೆ ಸರಿಯಿತು. ಕುದುರೆ ಎರಡೂ ಠಪ್ ಠಪ್.

ಮರುದಿನ ಬೆಳಿಗ್ಗೆ ಮತ್ತೆ ಹಠ. ಮಧ್ಯಾಹ್ನ ಮತ್ತೆ ಸಾಧು.

ಸುದ್ದಿ ಹರಡಿದ ಮೇಲೆ ಸಲಹೆಗಳಿಗೆ ಬರವೇ? ಪಕ್ಕದ ತೋಟದವರು ಸ್ಪ್ರಿಂಗ್ ಹೋಗಿದೆ ಅಂದರು. ಮೇಸ್ತ್ರಿ ದೃಷ್ಟಿ ಅಂದ. ಪಂಪ್‌ಸೆಟ್ ರಿಪೇರಿಯವನು ಸ್ಕ್ರೂ ಡ್ರೈವರ್ ಹಿಡಿದೇ ಬಂದ, "ಬಿಚ್ಚಿ ನೋಡಾಣ ಅಣ್ಣ" ಅಂತ. ಹೋದ ವರ್ಷ ನಮ್ಮ ಮೋಟಾರು ಬಿಚ್ಚಿ ಜೋಡಿಸಿದಾಗ ಅವನ ಕೈಯಲ್ಲಿ ಮೂರು ಬೋಲ್ಟು ಉಳಿದಿದ್ದವು. ಜಾಸ್ತಿ ಇತ್ತು ಅಂದಿದ್ದ. ಕೋವಿಯಲ್ಲಿ ಜಾಸ್ತಿ ಅಂತ ಯಾವುದೂ ಇರುವುದಿಲ್ಲ. ಕಾಫಿ ಕೊಟ್ಟು ಕಳಿಸಿದೆ.

"ಬಿಸಿಲಿಗಾದ್ರೂ ಇಡಿ," ಅಂದಳು ಹೆಂಡತಿ, ಬಚ್ಚಲ ಒಲೆ ಪಕ್ಕದಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ಕರಗಲು ಇಡುತ್ತಾ. ನನಗೆ ಸಿಟ್ಟು ಬಂತು. ಕೋವಿ ಏನು ಹಪ್ಪಳವೇ? ಅದೇ ಬಾಟಲಿಯಿಂದ ಎಣ್ಣೆ ಬಗ್ಗಿಸಿಕೊಂಡು ತಲೆಗೆ ತಿಕ್ಕಿಕೊಂಡೆ. ಆಗಲೂ ಹೊಳೆಯಲಿಲ್ಲ ನೋಡಿ.

ಕೊನೆಗೆ ಚಿಕ್ಕಮಗಳೂರಿನ ಕೋವಿ ರಿಪೇರಿಯವರ ಹತ್ತಿರ ಹೋದೆ. ತಲುಪುವಾಗ ಎರಡು ಗಂಟೆ. ಅವರು ನಳಿಗೆ ಬಗ್ಗಿಸಿ ಖಾಲಿ ಇದೆಯೇ ನೋಡಿದರು. ನಾನು ಈಗಷ್ಟೇ ನೋಡಿದ್ದೆ ಅಂದರೂ ಮತ್ತೊಮ್ಮೆ ನೋಡಿದರು. ಡಮ್ಮಿ ತೋಟಾ ಹಾಕಿ, ಗುಂಡಿ ತಳ್ಳಿ, ಕುದುರೆ ಎಳೆದರು. ಠಪ್. ಇನ್ನೊಂದು. ಠಪ್.

"ಏನು ತೊಂದರೆ ಸಾರ್?"

ಡಾಕ್ಟರ ಮುಂದೆ ಕೂತ ಕೂಡಲೇ ಕೆಮ್ಮು ನಿಂತವನ ಹಾಗಾಯಿತು ನನ್ನ ಪಾಡು. "ಬೆಳಿಗ್ಗೆ ಮಾತ್ರ ಹೀಗೆ," ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಬಿಟ್ಟು ಹೋಗಿ," ಅಂದರು. ರಸೀದಿ ಬರೆಸಿಕೊಂಡು ಬಂದೆ.

ಮರುದಿನ ಬೆಳಿಗ್ಗೆಯೇ ಫೋನ್. "ಸಾರ್, ಮನೇಲಿ ಕೋವಿಗೆ ಪೂಜೆ ಯಾರು ಮಾಡ್ತಾರೆ?"

ಹೋಗಿ ನೋಡಿದರೆ ಮೇಜಿನ ಮೇಲೆ ನಮ್ಮ ಕೋವಿಯ ಹೊಟ್ಟೆ ಬಿಚ್ಚಿ ಇಟ್ಟಿದ್ದರು. ಒಳಗಿನ ಸನ್ನೆಕೋಲುಗಳ ಮೇಲೆಲ್ಲ ಬಿಳಿ ಮುದ್ದೆ, ಮೇಣದ ಹಾಗೆ. ಅವರು ಸೂಜಿಯ ತುದಿಯಿಂದ ಒಂದಿಷ್ಟು ಕೆರೆದು ನನ್ನ ಅಂಗೈಗೆ ಹಾಕಿದರು. ಅಂಗೈ ಬಿಸಿಗೆ ಅದು ನಿಧಾನಕ್ಕೆ ಕರಗಿ ಎಣ್ಣೆಯಾಯಿತು. ಮೂಸಿದೆ. ನನ್ನ ತಲೆಯದೇ ವಾಸನೆ! ಕೊಬ್ಬರಿ ಎಣ್ಣೆ 24 ಡಿಗ್ರಿ ಆಸುಪಾಸಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುತ್ತದೆ. ನಮ್ಮ ಡಿಸೆಂಬರ್ ಬೆಳಿಗ್ಗೆ ಅದಕ್ಕಿಂತ ಎಷ್ಟೋ ತಂಪು. ಇನ್ನು ಸೇಫ್ಟಿಯ ಸಂದಿನಲ್ಲಿದ್ದ ಕೆಂಪು? ಕುಂಕುಮ. ಪ್ರತಿ ಆಯುಧಪೂಜೆಗೆ ಚಿಕ್ಕಮ್ಮ ಭಕ್ತಿಯಿಂದ ಎಣ್ಣೆ ಸವರಿ, ಕುಂಕುಮ ಇಟ್ಟು, ವರ್ಷದ ಮೇಲೆ ವರ್ಷ ಪದರ ಕಟ್ಟಿದ್ದು. ಎಣ್ಣೆ ಸೋರಿ ಒಳಗಿಳಿದಿತ್ತು. ಕುಂಕುಮ ಮೇಲೇ ಕೂತು ಕೆಂಪು ಚುಕ್ಕೆಯ ವೇಷ ಹಾಕಿತ್ತು.

ಎಲ್ಲ ತೊಳೆದು, ಕೋವಿಗೆ ಹಾಕುವ ತೆಳು ಎಣ್ಣೆಯನ್ನು ಎರಡೇ ಹನಿ ಬಿಟ್ಟು ಜೋಡಿಸಿದರು. ಯಾವ ಸ್ಕ್ರೂವೂ ಉಳಿಯಲಿಲ್ಲ, ನಾನು ಲೆಕ್ಕ ಇಟ್ಟಿದ್ದೆ. "ಇನ್ನೊಂದು ವಿಷಯ ಸಾರ್," ಅಂದರು. "ಸರಿಯಾಗಿದ್ದಾಗಲೂ ಈ ಗುಂಡಿ ಹಿಡಿಯೋದು ಟ್ರಿಗರ್ ಒಂದನ್ನೇ. ಒಳಗಿನ ಸುತ್ತಿಗೆ ಬಿಗಿದೇ ಇರುತ್ತೆ. ಕೋವಿ ಜೋರಾಗಿ ಬಿದ್ರೆ ಈ ಗುಂಡಿ ಏನೂ ಮಾಡಲ್ಲ. ನಡೆಯುವಾಗ ನಳಿಗೆ ಬಗ್ಗಿಸಿ, ತೋಟಾ ಜೇಬಲ್ಲಿಡಿ." ಮಂಗನ ಮುಂದೆ ಅರ್ಧಕ್ಕೆ ನಿಂತ ಆ ಕುದುರೆ ನೆನಪಾಗಿ ಅಂಗೈ ಬೆವರಿತು.

ಬರುವಾಗ ದಾರಿಯಲ್ಲಿ ಚಿಕ್ಕಪ್ಪನ ಮನೆಗೆ ಹೋದೆ. ಚಿಕ್ಕಮ್ಮ ಒಂದು ಚೂರೂ ಬೇಜಾರು ಮಾಡಿಕೊಳ್ಳಲಿಲ್ಲ. "ಎಣ್ಣೆ ಮನೇದೇ, ಗಾಣದ್ದು," ಅಂದರು.

"ಅಲ್ಲ ಚಿಕ್ಕಪ್ಪ, ನಲವತ್ತು ವರ್ಷದಲ್ಲಿ ಒಂದು ಸಲವೂ ಬೆಳಿಗ್ಗೆ ಕೈ ಕೊಡಲಿಲ್ವಾ?"

ಚಿಕ್ಕಪ್ಪ ಕವಳದ ತಟ್ಟೆ ಹತ್ತಿರಕ್ಕೆ ಎಳೆದುಕೊಂಡರು.

"ಆ ಚಳೀಲಿ ಬೆಳಿಗ್ಗೆ ಯಾರು ಏಳ್ತಾರೆ ಮಾರಾಯ?"