ಜೋಡಿ ತಪ್ಪಿದ ಕುರ್ಚಿಗಳು

ನಮ್ಮ ಊಟದ ಟೇಬಲ್ಲಿನ ಸುತ್ತ ಇರುವ ಕುರ್ಚಿಗಳನ್ನು ನೋಡಿ ಯಾರಾದರೂ “ಅಯ್ಯೋ ಪಾಪ” ಅಂದರೆ ನನಗೇನೂ ಬೇಜಾರಿಲ್ಲ. ಮೊನ್ನೆ ಬಂದ ನೆಂಟರೊಬ್ಬರು “ಓ, ಮಿಕ್ಸ್ ಅಂಡ್ ಮ್ಯಾಚ್ ಮಾಡಿದೀರಾ! ಈಗ ಇದೇ ಫ್ಯಾಷನ್ನು ಅಲ್ವಾ? ಯಾರು ಐಡಿಯಾ ಕೊಟ್ಟಿದ್ದು?” ಅಂದರು. ಅದನ್ನು ಮಾತ್ರ ತಡೆಯೋಕಾಗಲಿಲ್ಲ. ನಮ್ಮನೆಯವಳು ನಗುತ್ತಾ “ನಮ್ಮದೇ” ಅಂದುಬಿಟ್ಟಳು. ಶುದ್ಧ ಸುಳ್ಳು. ಐಡಿಯಾ ಕೊಟ್ಟಿದ್ದು ಗೆದ್ದಲು, ಬಿಟ್ಟುಕೊಂಡ ಅಂಟು ಮತ್ತು ನಮ್ಮ ಮಗನ ತೂಗಾಟ.

ತಂದಾಗ ಆರೂ ಒಂದೇ ಅಚ್ಚಿನವು. ಮಗ ಊಟಕ್ಕೆ ಕೂತರೆ ಕುರ್ಚಿಯನ್ನು ಹಿಂದಿನ ಎರಡು ಕಾಲಿನ ಮೇಲೆ ಎತ್ತಿ ತೂಗುತ್ತಿದ್ದ. ಬೇಡ ಕಣೋ ಅಂದರೆ ಕೇಳುವ ವಯಸ್ಸಲ್ಲ. ಕೂರುವ ಹಲಗೆಯ ಪಕ್ಕದ ಪಟ್ಟಿ ಹಿಂಗಾಲಿಗೆ ಸೇರುತ್ತದಲ್ಲ, ಕುರ್ಚಿಗಳು ಸಾಯುವುದು ಸಾಮಾನ್ಯವಾಗಿ ಅಲ್ಲೇ. ಮೊದಲು ಅಂಟು ಬಿಡುತ್ತದೆ. ಒಂದು ಕೂದಲೆಳೆಯಷ್ಟು ಸಂದು ಕಾಣುತ್ತದೆ. ಕೂತಾಗ ಕಿರ್ ಅನ್ನುತ್ತದೆ. ಮನೆಯವರೆಲ್ಲ ಆ ಕಿರ್ ಕೇಳಿಸಿಕೊಂಡು ಸುಮ್ಮನಿರುತ್ತಾರೆ. ಆಮೇಲೊಂದು ದಿನ ಮೈ ತೂಕ ಜಾಸ್ತಿ ಇರುವ ನೆಂಟರೊಬ್ಬರು ಬಂದು ಕೂರುತ್ತಾರೆ, ಅಪವಾದ ಅವರ ತಲೆಗೆ ಕಟ್ಟುತ್ತದೆ.

ಅದೇ ಥರದ್ದು ಒಂದು ಕೊಡಿ ಅಂತ ತಂದ ಅಂಗಡಿಗೇ ಹೋಗಿ ಕೇಳಿದೆ. “ಆ ಮಾಡೆಲ್ ಈಗ ಬರಲ್ಲ ಸಾರ್, ಹೊಸ ಸೆಟ್ಟೇ ತಗೊಂಬಿಡಿ” ಅಂದರು. ಒಂದು ಕಾಲು ಮುರಿದಿದ್ದಕ್ಕೆ ಇಪ್ಪತ್ತನಾಲ್ಕು ಕಾಲು ಕೊಳ್ಳಬೇಕಂತೆ! ಅಲ್ಲ ಸ್ವಾಮಿ, ವಿಯೆನ್ನಾದ ಮೈಕೆಲ್ ಟೋನೆಟ್ ಅನ್ನೋ ಪುಣ್ಯಾತ್ಮ 1859ರಲ್ಲಿ ಒಂದು ಕುರ್ಚಿ ಮಾಡಿದ. ಬೀಚ್ ಅನ್ನೋ ಮರದ ಕೋಲನ್ನು ಹಬೆಯಲ್ಲಿ ಮೆತ್ತಗೆ ಮಾಡಿ ಬಗ್ಗಿಸಿದ್ದು. ನಂಬರ್ 14 ಅಂತ ಅದರ ಹೆಸರು. ಮರದ ಆರು ಭಾಗ, ಹತ್ತು ಸ್ಕ್ರೂ, ಎರಡು ನಟ್ಟು, ಅಷ್ಟೇ. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಹಿಡಿಯುತ್ತಿದ್ದವು. 1930ರ ಹೊತ್ತಿಗೆ ಸುಮಾರು 5 ಕೋಟಿ ಮಾರಾಟವಾಗಿದ್ದವು. ಇವತ್ತಿಗೂ ಅದನ್ನು ಮಾಡುತ್ತಾರೆ. ಒಂದೂವರೆ ಶತಮಾನ ದಾಟಿದ ಕುರ್ಚಿಗೆ ಜೋಡಿ ಸಿಗುತ್ತದೆ, ನಮ್ಮ ಮಗ ಹೈಸ್ಕೂಲು ಮುಗಿಸುವುದರೊಳಗೆ ನಮ್ಮ ಕುರ್ಚಿಯ ವಂಶವೇ ನಿಂತುಹೋಗುತ್ತದೆ.

ಹೀಗಾಗಿ ಒಂದೊಂದಾಗಿ ಬಂದವು. ಸೆಟ್ಟಿನವು ಎರಡು ಉಳಿದಿವೆ. ಕಬ್ಬಿಣದ್ದೊಂದು. ಒಂದು ಮರದ ಸ್ಟೂಲು, ಬೆನ್ನಿಲ್ಲದ್ದು. ಅತ್ತೆ ಮನೆಯಿಂದ ಬಂದ ಬೆತ್ತದ ಹೆಣಿಗೆಯ ಕುರ್ಚಿ, ಅದಕ್ಕೆ ಕೈಗಳಿವೆ. ಕೊನೆಯದು ಪ್ಲಾಸ್ಟಿಕ್ಕಿನದು. ಅದರ ಬಗ್ಗೆ ಮಾತಾಡುವುದೇ ಬೇಡ ಅಂತ ನಮ್ಮನೆಯವಳ ಆಜ್ಞೆಯಾಗಿದೆ. ಇಂಥ ಟೇಬಲ್ಲಿಗೆ ಇಷ್ಟು ವರ್ಷ ಕೂತು ನನಗೆ ಒಂದು ತತ್ವ ಹೊಳೆದಿದೆ. ಬೇರೆ ಬೇರೆ ಕುರ್ಚಿಗಳು ಒಂದು ಟೇಬಲ್ಲಿಗೆ ಹೊಂದಿಕೊಳ್ಳುವುದು ಯಾವುದರಿಂದ ಅನ್ನುವ ತತ್ವ. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಬಲ್ಲವರು ಹೇಳುವುದು ಬೇರೆ. ಕುರ್ಚಿಗಳು ಬೇರೆ ಬೇರೆ ಇದ್ದರೂ ಒಂದು ಅಂಶ ಎಲ್ಲದರಲ್ಲೂ ಇರಲಿ ಅನ್ನುತ್ತಾರೆ. ಬಣ್ಣ ಒಂದೇ ಇರಲಿ, ಇಲ್ಲವೇ ಮರ ಒಂದೇ ಇರಲಿ, ಇಲ್ಲವೇ ಎರಡೆರಡು ಜೋಡಿ ಇರಲಿ. ಫೋಟೋಗಳಲ್ಲಿ ನೋಡಿದ್ದೇನೆ. ನಾಲ್ಕು ಥರದ ಕುರ್ಚಿ, ನಡುವೆ ಹೂದಾನಿ, ಮೇಲಿಂದ ಇಳಿಬಿಟ್ಟ ದೀಪ. ಕುರ್ಚಿಯಲ್ಲಿ ಮನುಷ್ಯ ಮಾತ್ರ ಇಲ್ಲ. ಮನುಷ್ಯರನ್ನು ಕೂರಿಸಿ ಫೋಟೋ ತೆಗೆಯಲಿ ನೋಡೋಣ. ಒಬ್ಬರ ತಲೆ ಕಿಟಕಿಗೆ, ಇನ್ನೊಬ್ಬರ ಗಲ್ಲ ತಟ್ಟೆಗೆ ಬಂದಿರುತ್ತದೆ. ಹೊಂದಬೇಕಾದ್ದು ಎತ್ತರ. ಊಟದ ಟೇಬಲ್ಲು ಸಾಮಾನ್ಯವಾಗಿ 75 ಸೆಂಟಿಮೀಟರ್ ಎತ್ತರ ಇರುತ್ತದೆ, ಕೂರುವ ಜಾಗ ನೆಲದಿಂದ 45ರ ಆಸುಪಾಸು. ನಡುವೆ 25ರಿಂದ 30 ಸೆಂಟಿಮೀಟರ್ ಇದ್ದರೆ ತೊಡೆಗೂ ಜಾಗ, ಕೈಗೂ ಅನುಕೂಲ. ಒಂದೆರಡು ಅಂಗುಲ ಹೆಚ್ಚುಕಮ್ಮಿಯಾದರೆ ಸಾಕು, ಊಟದ ಉದ್ದಕ್ಕೂ ಮೈ ಗೊಣಗುತ್ತಿರುತ್ತದೆ. ಬಣ್ಣ ಹೊಂದಲಿಲ್ಲ ಅಂತ ಯಾರ ಮೊಣಕಾಲಿಗೂ ಪೆಟ್ಟು ಬಿದ್ದಿಲ್ಲ.

ಅಳೆದು ತಂದರೂ ಮೋಸವೇ. ನಮ್ಮ ಬೆತ್ತದ ಕುರ್ಚಿಯ ಅಂಚಿಗೆ ಟೇಪು ಹಿಡಿದರೆ ಸರಿಯಾಗಿ 45 ತೋರಿಸುತ್ತದೆ. ಆದರೆ ಯಾರೂ ಅಂಚಿನ ಮೇಲೆ ಕೂರುವುದಿಲ್ಲವಲ್ಲ. ನಡುವಿನ ಹೆಣಿಗೆ ಜೋತು ಮೂರು ಬೆರಳು ಕೆಳಗಿಳಿದಿದೆ. ಅದರಲ್ಲಿ ಕೂತವರು ಮಾತಿನ ನಡುವೆ ನಿಧಾನಕ್ಕೆ ಸಣ್ಣವರಾಗುತ್ತಾ ಹೋಗುತ್ತಾರೆ. ದಿಂಬು ಹಾಕಿದೆವು. ದಿಂಬು ಕೂತ ಕೂಡಲೇ ಅಮುಕಿಕೊಂಡು, ಎದ್ದ ಕೂಡಲೇ ಉಬ್ಬಿ, ನಾನು ಸರಿಯಾಗೇ ಇದ್ದೆನಲ್ಲ ಅನ್ನುತ್ತದೆ.

ಇನ್ನು ಅದರ ಕೈಗಳು. ಹಳೆಯ ಕಾಲದ ಪಾಶ್ಚಾತ್ಯ ಊಟದ ಸೆಟ್ಟುಗಳಲ್ಲಿ ಎಷ್ಟೋ ಸಲ ಎರಡಕ್ಕೆ ಮಾತ್ರ ಕೈ ಇರುತ್ತಿದ್ದವು, ಟೇಬಲ್ಲಿನ ಎರಡು ತುದಿಗೆ ಯಜಮಾನ ಯಜಮಾನಿ ಕೂರಲಿ ಅಂತ. ಉಳಿದವು ಕೈಯಿಲ್ಲದವು. ಒಂದೇ ಸೆಟ್ಟು ಅನ್ನುವುದರಲ್ಲೂ ಭೇದಭಾವ ಇತ್ತು ಅಂತಾಯಿತು. ನಮ್ಮದಕ್ಕೆ ಆ ಯಜಮಾನಿಕೆಯೂ ಇಲ್ಲ. ಟೇಬಲ್ಲಿನ ಹಲಗೆಯ ಕೆಳಗೆ ಸುತ್ತಲೂ ಒಂದು ಪಟ್ಟಿ ಇದೆ. ಕುರ್ಚಿಯ ಕೈಗಳು ಅದಕ್ಕೆ ತಾಗುತ್ತವೆ, ಒಳಗೆ ಹೋಗುವುದಿಲ್ಲ. ಉಳಿದ ಕುರ್ಚಿಗಳು ಟೇಬಲ್ಲಿನಡಿ ಸೇರಿಕೊಂಡರೆ ಇದೊಂದು ಒಳಗೆ ಕರೆಯದ ಸಾಲಗಾರನ ಹಾಗೆ ಹೊರಗೇ ನಿಂತಿರುತ್ತದೆ. ಕೂತವರು ಎರಡೂ ಕೈಯ ತುದಿ ಹಿಡಿದು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುತ್ತಾರೆ. ಬೆರಳ ಗೆಣ್ಣು ಪಟ್ಟಿಗೂ ಕೈಗೂ ನಡುವೆ ಸಿಕ್ಕಿಕೊಳ್ಳುತ್ತದೆ. ಯಾರೂ ಕೂಗುವುದಿಲ್ಲ. ಮುಖದಲ್ಲಿ ಒಂದು ನಗು ಹಾಗೇ ನಿಂತುಬಿಡುತ್ತದೆ, ಬೆರಳು ಮೆಲ್ಲಗೆ ಟೇಬಲ್ಲಿನ ಕೆಳಗೆ ಹೋಗುತ್ತದೆ. ಅಷ್ಟು ನೋಡಿದರೆ ನನಗೆ ಗೊತ್ತಾಗುತ್ತದೆ.

ಆದರೆ ಎಲ್ಲಕ್ಕಿಂತ ದೊಡ್ಡ ಪುರಾಣ ಸ್ಟೂಲಿನದು. ಅದು ಕುಂಟು. ಕೂತು ಎಡಕ್ಕೆ ವಾಲಿದರೆ ಟಕ್, ಬಲಕ್ಕೆ ವಾಲಿದರೆ ಟಕ್. ನಾನು ಒಂದು ಕಾಲಿನಡಿ ರಟ್ಟು ಮಡಚಿ ಇಟ್ಟಿದ್ದೆ. ಅದೇ ಹೊತ್ತಿಗೆ ನಮ್ಮ ಚಿಕ್ಕಪ್ಪ ಬಂದರು. ನಿವೃತ್ತ ಗಣಿತದ ಮೇಷ್ಟ್ರು. ಟಕ್ ಅನ್ನುವುದು ಕೇಳಿದ್ದೇ ಕಿವಿ ನೆಟ್ಟಗಾಯಿತು.

“ಲೋ, ರಟ್ಟು ತೆಗಿ. ರಟ್ಟು ಇಡೋದು ಅಂದ್ರೆ ಸೋಲೊಪ್ಪಿಕೊಂಡ ಹಾಗೆ. ಇದ್ದಲ್ಲೇ ತಿರುಗಿಸು.”

“ಸ್ಟೂಲು ತಿರುಗಿಸಿದ್ರೆ ಕಾಲು ಉದ್ದ ಆಗುತ್ತಾ ಚಿಕ್ಕಪ್ಪ?”

“ಆಗಬೇಕಾಗಿಲ್ಲ ಕಣೋ. ಲೆಕ್ಕ ಇದೆ ಅದಕ್ಕೆ.”

ಲೆಕ್ಕ ಇದೆ, ಅದು ನಿಜ. ಚಿಕ್ಕಪ್ಪ ಊಟ ಆರಲು ಬಿಟ್ಟು ವಿವರಿಸಿದ್ದು ಹೀಗೆ. ನಾಲ್ಕೂ ಕಾಲು ಒಂದೇ ಉದ್ದ ಇವೆ, ಕಾಲುಗಳು ಚೌಕಕ್ಕೆ ನಿಂತಿವೆ, ನೆಲ ಮಾತ್ರ ಏರುತಗ್ಗು ಅಂದುಕೊಳ್ಳಿ. ಆದರೆ ಮೆಟ್ಟಿಲಿನ ಥರ ತಟ್ಟನೆ ಕಡಿದಿಲ್ಲ. ಮೂರು ಕಾಲು ನೆಲದ ಮೇಲಿವೆ, ನಾಲ್ಕನೆಯದು ಗಾಳಿಯಲ್ಲಿದೆ. ಈಗ ಕಾಲು ಸುತ್ತು, ಅಂದರೆ 90 ಡಿಗ್ರಿ ತಿರುಗಿಸಿ. ಒಂದರ ಜಾಗಕ್ಕೆ ಇನ್ನೊಂದು ಕಾಲು ಬಂದು ನಿಲ್ಲುತ್ತದೆ. ಆಗಲೂ ಆ ಮೂರೇ ಕಾಲು ನೆಲ ಮುಟ್ಟಿರಬೇಕು ಅಂತ ಹಟ ಹಿಡಿದರೆ, ಮೊದಲು ಗಾಳಿಯಲ್ಲಿದ್ದ ಕಾಲು ನೆಲದೊಳಕ್ಕೆ ಇಳಿಯಬೇಕಾಗುತ್ತದೆ. ಮೇಲಿದ್ದದ್ದು ಕೆಳಕ್ಕೆ ಹೋಗುತ್ತದೆ ಅಂದರೆ ನಡುವೆ ಎಲ್ಲೋ ಒಂದು ಕಡೆ ಸರಿಯಾಗಿ ನೆಲ ಮುಟ್ಟಿರಲೇಬೇಕು. ಅಲ್ಲಿ ನಿಲ್ಲಿಸಿಬಿಡಿ. ಕುಂಟು ಹೋಯಿತು.

ಕೇಳುವುದಕ್ಕೆ ಎಷ್ಟು ಚೆನ್ನಾಗಿದೆ ನೋಡಿ. ಚಿಕ್ಕಪ್ಪ ಸ್ಟೂಲು ಹಿಡಿದು ತಿರುಗಿಸತೊಡಗಿದರು. ಸ್ವಲ್ಪ ತಿರುಗಿಸುವುದು, ಕೂರುವುದು, ವಾಲುವುದು. ಟಕ್. ಮತ್ತೆ ಸ್ವಲ್ಪ. ಟಕ್. ಕಾಲು ಸುತ್ತು ಮುಗಿಯಿತು, ಅರ್ಧ ಸುತ್ತು ಮುಗಿಯಿತು. ನೆಲದ ತಪ್ಪು ಅಂದರು. ನಾನು ಸ್ಟೂಲು ಎತ್ತಿ ಅಡುಗೆಮನೆಯ ಕಲ್ಲಿನ ಕಟ್ಟೆಯ ಮೇಲಿಟ್ಟೆ. ನಯವಾದ ಸಮತಟ್ಟು ಕಲ್ಲು. ಅಲ್ಲೂ ಟಕ್. ಅಂದಮೇಲೆ ದೋಷ ಕಾಲಿನದೇ, ನೆಲದ್ದಲ್ಲ. ಕಾಲು ಗಿಡ್ಡ ಇದ್ದರೆ ಈ ಲೆಕ್ಕ ಏನು ಮಾಡೀತು? “ಹಾಗಾದರೆ ಅದು ನನ್ನ ವಿಷಯ ಅಲ್ಲ, ಆಚಾರಿಯ ವಿಷಯ” ಅಂದರು ಚಿಕ್ಕಪ್ಪ. ಆದರೆ ಬಿಡಲಿಲ್ಲ. ಹೊರಡುವ ಮುಂಚೆ ಟೇಬಲ್ಲೂ ಸ್ವಲ್ಪ ಅಲ್ಲಾಡುತ್ತದೆ ಅಂತ ಪತ್ತೆ ಹಚ್ಚಿದರು. ಟೇಬಲ್ಲಿನ ಕಾಲು ಸರಿ ಇವೆ, ನೆಲದ್ದೇ ದೋಷ. ಲೆಕ್ಕ ಇಲ್ಲಿ ಫಲಿಸಿತು! ಟೇಬಲ್ಲು ಕಲ್ಲಿನ ಹಾಗೆ ನಿಂತಿತು. ಆದರೆ ಕೋಣೆಗೆ ಓರೆಯಾಗಿ. ಒಂದು ಮೂಲೆ ಅಡುಗೆಮನೆಯ ಬಾಗಿಲಿಗೆ ಅಡ್ಡ. ಲೆಕ್ಕದಲ್ಲಿ ಬಾಗಿಲಿನ ಮಾತು ಇರಲಿಲ್ಲ. ನಮ್ಮನೆಯವಳು ಪಾತ್ರೆ ತಲೆ ಮೇಲೆ ಎತ್ತಿಕೊಂಡು ಒಳಗೆ ಹೊರಗೆ ಓಡಾಡಿದಳು, ಚಿಕ್ಕಪ್ಪ ಹೊರಡುವವರೆಗೂ. ಅವರು ಗೇಟು ದಾಟಿದ ಮೇಲೆ ಟೇಬಲ್ಲು ತನ್ನ ಜಾಗಕ್ಕೆ ಬಂತು. ಅಲ್ಲಾಟವೂ ಬಂತು.

ಇನ್ನೊಂದು ತಕರಾರು ನನ್ನದು. ಟೇಬಲ್ಲನ್ನು ಒಂದು ಸಲ ತಿರುಗಿಸಿ ಬಿಡಬಹುದು. ಕುರ್ಚಿಯನ್ನು ಬಿಡುವುದು ಹೇಗೆ? ಹೊತ್ತು ಹೊತ್ತಿಗೆ ಎಳೆಯುತ್ತೀರಿ, ತಳ್ಳುತ್ತೀರಿ. ಹೆಚ್ಚಿನ ಕುರ್ಚಿಗಳ ಮುಂಗಾಲುಗಳ ನಡುವೆ ಅಂತರ ಜಾಸ್ತಿ, ಹಿಂಗಾಲುಗಳ ನಡುವೆ ಕಮ್ಮಿ, ಚೌಕವೂ ಅಲ್ಲ. ಕುಂಟೇ ಬೇಡ ಅಂದರೆ ಮೂರು ಕಾಲು ಇರಬೇಕು. ಮೂರು ಕಾಲು ಎಂಥ ನೆಲದಲ್ಲೂ ಊರಿ ನಿಲ್ಲುತ್ತವೆ. ಡೆನ್ಮಾರ್ಕಿನ ವಾಸ್ತುಶಿಲ್ಪಿ ಆರ್ನೆ ಯಾಕೋಬ್ಸೆನ್ 1952ರಲ್ಲಿ ಒಂದು ಔಷಧ ಕಂಪನಿಯ ಕ್ಯಾಂಟೀನಿಗೆ ಮಾಡಿದ ‘ಇರುವೆ’ ಕುರ್ಚಿಗೆ ಮೂರೇ ಕಾಲು. ಅಲ್ಲಾಡುವ ಪ್ರಶ್ನೆಯೇ ಇಲ್ಲ. ಬದಿಗೆ ಬಗ್ಗಿ ಬಿದ್ದ ಚಮಚ ಎತ್ತಲು ಹೋದರೆ ಮಾತ್ರ ಮಗುಚುವ ಭಯ. 1971ರಲ್ಲಿ ಅವರು ತೀರಿಕೊಂಡ ಮೇಲೆ ನಾಲ್ಕು ಕಾಲಿನದ್ದೂ ಬಂತು. ಟಕ್ ಅನ್ನುವುದು ವಾಸಿಯೋ ಧೊಪ್ ಅನ್ನುವುದು ವಾಸಿಯೋ ನೀವೇ ಆರಿಸಿಕೊಳ್ಳಿ.

ಹಾಂ, ತತ್ವ. ಅದಕ್ಕೆ ಮುಂಚೆ ಯಾರು ಎಲ್ಲಿ ಕೂರುತ್ತಾರೆ ಅನ್ನುವುದನ್ನು ಹೇಳಬೇಕು. ಕುರ್ಚಿಗಳೆಲ್ಲ ಒಂದೇ ಥರ ಇದ್ದಾಗ ಯಾರೂ ನೋಡುತ್ತಿರಲಿಲ್ಲ, ಬಂದವರು ಬಂದಲ್ಲಿ ಕೂರುತ್ತಿದ್ದರು. ಬೇರೆ ಬೇರೆಯಾದ ಮೇಲೆ ನೆಂಟರು ಬಾಗಿಲಲ್ಲೇ ಒಂದು ಸಲ ಕಣ್ಣಾಡಿಸುತ್ತಾರೆ. ಸೆಟ್ಟಿನ ಎರಡು ಮೊದಲು ಹೋಗುತ್ತವೆ. “ಇದು ಯಾರದ್ದು? ಪರವಾಗಿಲ್ವಾ?” ಅಂತ ಕೇಳುತ್ತಲೇ ಕೂತಿರುತ್ತಾರೆ. ಮಗಳು ಕಬ್ಬಿಣದ್ದು ತನ್ನದು ಅಂತ ಬರೆಸಿಕೊಂಡಿದ್ದಾಳೆ, ಅದರ ಅಡ್ಡಪಟ್ಟಿಯ ಮೇಲೆ ಕಾಲಿಡಬಹುದಂತೆ. ಕುರ್ಚಿ ಮುರಿದ ಮಹಾನುಭಾವನಿಗೆ ಸ್ಟೂಲು ಸಿಗಬೇಕಿತ್ತು, ಹಿಂದಕ್ಕೆ ಎತ್ತಿ ತೂಗಿದರೆ ತಾನೇ ಬೀಳುವಂಥದ್ದು. ಸಿಕ್ಕಿದ್ದು ನನಗೆ. “ರೀ, ನಿಮಗಾದರೆ ಅಭ್ಯಾಸ ಇದೆ, ಸುಮ್ನೆ ಅದರಲ್ಲಿ ಕೂತ್ಕೊಳ್ಳಿ” ಅನ್ನುತ್ತಾಳೆ ನಮ್ಮನೆಯವಳು. ಅಭ್ಯಾಸ ಹೇಗಾಯಿತು ಅಂತ ಯಾರೂ ಕೇಳುವುದಿಲ್ಲ.

ಸದ್ದು ಕೂಡ ಒಂದೊಂದರದ್ದು ಒಂದೊಂದು. ಸೆಟ್ಟಿನವು ಗುರ್ ಅನ್ನುತ್ತವೆ. ಕಬ್ಬಿಣದ್ದು ಎಳೆದರೆ ಹಲ್ಲು ಜುಮ್ ಅನ್ನುತ್ತದೆ. ಪ್ಲಾಸ್ಟಿಕ್ಕಿನದಕ್ಕೆ ಸದ್ದೇ ಇಲ್ಲ, ಕೂತವರ ಜೊತೆ ಹಾಗೇ ಸರಿದುಹೋಗುತ್ತದೆ. ಪಕ್ಕದ ಕೋಣೆಯಲ್ಲಿದ್ದೇ ಯಾರು ಊಟ ಅರ್ಧಕ್ಕೆ ಬಿಟ್ಟೆದ್ದರು ಅಂತ ಹೇಳಬಲ್ಲೆ. ಕೆಳಗಿನ ಮನೆಯವರೂ ಹೇಳಬಲ್ಲರಂತೆ. ಹಾಗಂತ ಮೇಲೆ ಬಂದು, ನಗುನಗುತ್ತಲೇ ದೂರು ಕೊಟ್ಟು ಹೋದರು. ಅದಕ್ಕೇ ಎಲ್ಲ ಕಾಲುಗಳ ಅಡಿಗೂ ಅಂಟಿಸುವ, ಮೆತ್ತನೆ ಫೆಲ್ಟು ಬಟ್ಟೆಯ ಬಿಲ್ಲೆ ತಂದೆ. ಸದ್ದು ನಿಂತಿತು. ಆದರೆ ಬಿಲ್ಲೆಗಳು ನೆಲದ ಕೂದಲು, ದೂಳು ಎಲ್ಲ ಕೂಡಿಸಿಕೊಂಡು ಸರಿಯತೊಡಗುತ್ತವೆ. ಒಂದು ಉದುರುತ್ತದೆ. ಯಾವ ಕಾಲಿನದು ಅಂತ ಹುಡುಕುವುದೇ ಬೇಡ, ಕೂತರೆ ಗೊತ್ತಾಗುತ್ತದೆ. ಮೂರು ಕಾಲಿಗೆ ಬಿಲ್ಲೆ ಇದ್ದು ಒಂದಕ್ಕೆ ಇಲ್ಲದಿದ್ದರೆ ಏನಾಗಬೇಕೋ ಅದೇ ಆಗುತ್ತದೆ. ತತ್ವ ಹಾಗಿರಲಿ, ಈಗ ಸೆಟ್ಟಿನ ಎರಡೂ ಕುಂಟುತ್ತಿವೆ. ಚಿಕ್ಕಪ್ಪನ ಕಿವಿಗೆ ಮಾತ್ರ ಯಾರೂ ಹಾಕಬೇಡಿ.