ನಮ್ಮ ಕಡೆಯ ಲಾರಿಗೆ ಹೈಡ್ರೋಜನ್: ಎಂಜಿನ್ನೇ ಸರಿ, ಆದರೆ ಟ್ಯಾಂಕು ಜೋಪಾನ

ನಾನಿರುವ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಮಾನ್ ಕಂಪನಿ ಹೈಡ್ರೋಜನ್ ಸುಡುವ ಲಾರಿ ಎಂಜಿನ್ ಮಾಡುತ್ತದೆ. 16.8 ಲೀಟರಿನದು, 520 ಎಚ್‌ಪಿ. ಪಿಸ್ಟನ್, ಕ್ರ್ಯಾಂಕ್ ಎಲ್ಲ ಡೀಸೆಲ್ ಎಂಜಿನ್ನಿನ ವಂಶದ್ದೇ. ಇಲ್ಲಿ ಕೆಲವರಿಗೆ ಅದೇ ತಕರಾರು. ಹೈಡ್ರೋಜನ್ನನ್ನು ಸುಡದೆಯೇ ಕರೆಂಟ್ ಮಾಡುವ ಫ್ಯುಯೆಲ್ ಸೆಲ್ ಹಾಕಿ ಮೋಟಾರಿನಿಂದ ಓಡಿಸಿದರೆ ಅಷ್ಟೇ ಹೈಡ್ರೋಜನ್‌ಗೆ ಗಾಡಿ ಜಾಸ್ತಿ ದೂರ ಓಡುತ್ತದಲ್ಲ, ಸುಡುವುದು ಯಾಕೆ ಅನ್ನುತ್ತಾರೆ. ಲೆಕ್ಕ ತಪ್ಪಲ್ಲ. ಆದರೆ ಹಾಗನ್ನುವವರು ನಮ್ಮ ಕಲಬುರಗಿ ಜಿಲ್ಲೆಯ ಶಹಾಬಾದ್ ನೋಡಿಲ್ಲ.

ಶಹಾಬಾದಿನ ಕಲ್ಲು, ವಾಡಿ, ಸೇಡಂನ ಸಿಮೆಂಟು, ಕಲಬುರಗಿಯ ತೊಗರಿ. ನಮ್ಮಲ್ಲಿಂದ ಹೋಗುವುದೆಲ್ಲ ಭಾರದ ಮಾಲು. ಅದರ ಮೇಲೆ ಧೂಳು, 43 ಡಿಗ್ರಿ ಬಿಸಿಲು. ಫ್ಯುಯೆಲ್ ಸೆಲ್ ನಾಜೂಕು. ಅದಕ್ಕೆ 99.97 ಪರ್ಸೆಂಟ್ ಶುದ್ಧ ಹೈಡ್ರೋಜನ್ನೇ ಬೇಕು. ಅದು ಓಡುವುದು ಸುಮಾರು 80 ಡಿಗ್ರಿಯಲ್ಲಿ, ಹಾಗಾಗಿ ನಮ್ಮ ಬಿಸಿಲಿಗೆ ಅದನ್ನು ತಣ್ಣಗಿಡಲು ದೊಡ್ಡ ರೇಡಿಯೇಟರ್ ಇಡಬೇಕು. ಎಂಜಿನ್ನಾದರೆ ಬಿಸಿಯ ಒಂದು ಪಾಲನ್ನು ಸೈಲೆನ್ಸರಿನಿಂದಲೇ ಹೊರಗೆ ದಬ್ಬುತ್ತದೆ.

ನನಗೆ ಚಿಂತೆ ಇರುವುದು ರಿಪೇರಿಯದ್ದು. ಇಲ್ಲಿ ಲಾರಿ ನಿಂತರೆ ಡ್ರೈವರ್ ಫೋನ್ ಮಾಡಿ ಕಾಯುತ್ತಾನೆ, ಏನನ್ನೂ ಬಿಚ್ಚುವುದಿಲ್ಲ. ನಮ್ಮಲ್ಲಿ ಹುಮನಾಬಾದ್ ಹತ್ತಿರ ನಿಂತ ಗಾಡಿಗೆ ರಾತ್ರೋರಾತ್ರಿ ಟ್ಯೂಬಿನ ತುಂಡು ಸುತ್ತಿ, ಎಂ-ಸೀಲ್ ಮೆತ್ತಿ ಹೈದರಾಬಾದ್ ಮುಟ್ಟಿಸುತ್ತಾರೆ. ಆ ಕೈಗುಣ ಜರ್ಮನ್ನರಿಗೆ ಬರುವುದಿಲ್ಲ ಬಿಡಿ. ಆದರೆ ಹೈಡ್ರೋಜನ್ ಮುಂದೆ ಈ ಜುಗಾಡ್ ನಡೆಯದು. ಸಿಎನ್‌ಜಿ ಟ್ಯಾಂಕಿನಲ್ಲಿ 200 ಬಾರ್ ಒತ್ತಡ, ಇಲ್ಲಿನ ಲಾರಿಯಲ್ಲಿ 700. ಗಾಳಿಯಲ್ಲಿ ನೂರಕ್ಕೆ 4 ಪಾಲು ಬೆರೆತರೂ ಹತ್ತಿಕೊಳ್ಳುತ್ತದೆ. ವಾಸನೆ ಇಲ್ಲ, ಹಗಲಲ್ಲಿ ಉರಿಯೂ ಸರಿಯಾಗಿ ಕಾಣುವುದಿಲ್ಲ. ಹೆಡ್ ಬಿಚ್ಚಲಿ, ಪಿಸ್ಟನ್ ಬದಲಿಸಲಿ, ಅದು ನಮ್ಮ ಮೆಕ್ಯಾನಿಕ್‌ಗಳ ಕೆಲಸವೇ. ಟ್ಯಾಂಕು, ಪೈಪು ಮಾತ್ರ ಕಲಿತವರೇ ಮುಟ್ಟಬೇಕು. ಆ ಕಲಿಕೆ ಕಲಬುರಗಿಯ ಐಟಿಐನಲ್ಲೇ ಸಿಗಬೇಕು. ಪುಣೆಗೆ ಬನ್ನಿ ಅಂದರೆ ಗ್ಯಾರೇಜ್ ಮುಚ್ಚಿ ಯಾರು ಹೋಗುತ್ತಾರೆ?

ಅಂದಹಾಗೆ, ಹೈಡ್ರೋಜನ್ ಸುಟ್ಟರೆ ಸೈಲೆನ್ಸರಿನಿಂದ ಬರೀ ನೀರಾವಿ ಬರುತ್ತದೆ ಅನ್ನುವ ಮಾತು ಪೂರ್ತಿ ನಿಜವಲ್ಲ. ಎಂಜಿನ್ನಿನ ಬಿಸಿಗೆ ಗಾಳಿಯಲ್ಲಿನ ನೈಟ್ರೋಜನ್ ಕೂಡ ಆಕ್ಸಿಜನ್ ಜೊತೆ ಸೇರಿ ಕೆಟ್ಟ ಅನಿಲ ಆಗುತ್ತದೆ. ಗಾಳಿ ಜಾಸ್ತಿ ಬಿಟ್ಟು ಉರಿಸಿದರೆ ತುಂಬಾ ಕಡಿಮೆ ಆಗುತ್ತದೆ, ಇಲ್ಲವಾಗುವುದಿಲ್ಲ.

ಲಾರಿ ಇಟ್ಟಿರುವ ನಮ್ಮ ಕಾಕಾ ಇದನ್ನೆಲ್ಲ ಕೇಳಿ ಒಂದೇ ಮಾತು ಅಂದರು: "ಅದೆಲ್ಲಾ ಇರ್ಲಿ, ಕೆಜಿಗೆ ಎಷ್ಟ ಬೀಳ್ತದ?" 1 ಕೆಜಿ ಹೈಡ್ರೋಜನ್‌ನಲ್ಲಿ ಸುಮಾರು 3.3 ಲೀಟರ್ ಡೀಸೆಲ್ಲಿನ ಶಕ್ತಿ ಇದೆ. ನೀರಿನಿಂದ ಅದನ್ನು ತೆಗೆಯಲು 50 ಯೂನಿಟ್‌ಗೂ ಮೇಲೆ ಕರೆಂಟ್, ಕಡಿಮೆ ಅಂದರೂ 9 ಲೀಟರ್ ನೀರು ಬೇಕು. ಯೂನಿಟ್‌ಗೆ 5 ರೂಪಾಯಿ ಹಿಡಿದರೂ ಕರೆಂಟಿಗೇ 250 ಆಯಿತು. ತುಂಬುವ, ಸಾಗಿಸುವ ಖರ್ಚು ಬೇರೆ. ಸದ್ಯಕ್ಕೆ ಡೀಸೆಲ್ಲೇ ಇರಲಿ ಕಾಕಾ, ಅಂದೆ.

ಜರ್ಮನಿಯಲ್ಲಿ ಕಾರುಗಳಿಗೆಂದು ಹಾಕಿದ ಹೈಡ್ರೋಜನ್ ಪಂಪ್‌ಗಳಲ್ಲಿ ಎಷ್ಟೋ ಮುಚ್ಚಿವೆ. ಗಿರಾಕಿಗಳೇ ಸಾಲಲಿಲ್ಲ. ನಾವು ಹೈವೇ ತುಂಬ ಪಂಪ್ ಹಾಕಲು ಹೋಗಬಾರದು. ಕೇಂದ್ರ ಸರ್ಕಾರ 2023ರಲ್ಲಿ ಹಸಿರು ಹೈಡ್ರೋಜನ್‌ಗೆಂದು (ಬಿಸಿಲು, ಗಾಳಿಯಂಥವುಗಳ ಕರೆಂಟಿನಿಂದ ತೆಗೆದದ್ದು) 19,744 ಕೋಟಿ ರೂಪಾಯಿ ಎತ್ತಿಟ್ಟಿದೆ. ನಮ್ಮವರು ಅದರಲ್ಲಿ ಕೇಳಬೇಕಾದದ್ದು ವಾಡಿಯ ಸಿಮೆಂಟ್ ಫ್ಯಾಕ್ಟರಿ ಗೇಟಿನಲ್ಲಿ ಒಂದು ಪಂಪು, ಅದೇ ದಾರಿಯಲ್ಲಿ ದಿನಾ ಹೋಗಿಬರುವ ಹತ್ತಿಪ್ಪತ್ತು ಲಾರಿ, ಐಟಿಐನಲ್ಲಿ ಒಂದು ಬ್ಯಾಚು.