ಎಷ್ಟು ಇಂಚು ಅಂತ ಕೇಳಬೇಡಿ

ಬ್ಲಿಝರ್ಡ್ ವಾಚ್, ಅಂದರೆ ಹಿಮದ ಬಿರುಗಾಳಿ ಬರಬಹುದು ಅನ್ನೋ ಮುನ್ಸೂಚನೆ, ಬಂದಿದೆ ಅಂತ ಸ್ಟೇಟಸ್ ಹಾಕಿದ್ದೇ ತಡ, ಎಲ್ಲ ಕಡೆಯಿಂದ ಒಂದೇ ಪ್ರಶ್ನೆ: "ಎಷ್ಟು ಇಂಚು ಬೀಳುತ್ತಂತೆ?" ಮಿನಿಯಾಪೊಲಿಸ್‌ನ ಗೆಳತಿ ಕೇಳಿದಳು, ತಿಪಟೂರಿನಿಂದ ನಮ್ಮತ್ತೆಯೂ ಕೇಳಿದರು. ಅವರು ಅಡಿ ಲೆಕ್ಕದಲ್ಲಿ ಕೇಳಿದರು, ಅಷ್ಟೇ ವ್ಯತ್ಯಾಸ. ಮೂರಿಂಚು ಅಂದರೆ ಎಲ್ಲರಿಗೂ ಒಂಥರಾ ನಿರಾಸೆ. ಇಷ್ಟಕ್ಕೇ ಇಷ್ಟೊಂದು ಗಲಾಟೆಯಾ?

ನಾವಿರೋದು ಮಿನೆಸೋಟಾದ ನೈಋತ್ಯ ಮೂಲೆಯಲ್ಲಿ, ಬಫಲೋ ರಿಡ್ಜ್ ಅನ್ನೋ ಉದ್ದನೆಯ ದಿಬ್ಬದ ಮೇಲಿನ ಪುಟ್ಟ ಊರಲ್ಲಿ. ಸುತ್ತ ಸಾಲುಸಾಲಾಗಿ ವಿದ್ಯುತ್ ಗಾಳಿಯಂತ್ರ ನೆಟ್ಟಿದ್ದಾರೆ ಅಂದಮೇಲೆ ಗಾಳಿ ಎಂಥದ್ದು ಅಂತ ನೀವೇ ಊಹಿಸಿ. ಭಾರತದ ಎಷ್ಟೋ ಡಾಕ್ಟರುಗಳು ಇಂಥ ಊರಿಗೆ ಬರೋದು ವೀಸಾ ದೆಸೆಯಿಂದ: ಜೆ-1ನಲ್ಲಿ ತರಬೇತಿಗೆ ಬಂದವರು ವೈದ್ಯರ ಕೊರತೆ ಇರೋ ಕಡೆ 3 ವರ್ಷ ದುಡಿದರೆ, ಓದು ಮುಗಿದ ಮೇಲೆ 2 ವರ್ಷ ಸ್ವದೇಶಕ್ಕೆ ಹೋಗಿರಲೇಬೇಕು ಅನ್ನೋ ಷರತ್ತಿನಿಂದ ವಿನಾಯಿತಿ ಸಿಗುತ್ತೆ. ನಮ್ಮವರು ಬಂದಿದ್ದೂ ಹಾಗೇ. ಆಮೇಲೆ ಉಳಿದುಕೊಂಡಿದ್ದು ಬೇರೆ ಕತೆ.

ಇಂಚಿನ ವಿಷಯಕ್ಕೆ ಬರ್ತೀನಿ. ಇಲ್ಲಿನ ರಾಷ್ಟ್ರೀಯ ಹವಾಮಾನ ಸೇವೆ ಬ್ಲಿಝರ್ಡ್ ಎಚ್ಚರಿಕೆ ಕೊಡೋದಕ್ಕೆ ಇಟ್ಟುಕೊಂಡಿರೋ ಅಳತೆಯಲ್ಲಿ ಎಷ್ಟು ಹಿಮ ಬೀಳಬೇಕು ಅನ್ನೋ ಮಾತೇ ಇಲ್ಲ. ಗಾಳಿ ಗಂಟೆಗೆ 35 ಮೈಲಿ, ಅಂದರೆ 56 ಕಿಲೋಮೀಟರ್ ಮುಟ್ಟಬೇಕು. ಹಾರೋ ಹಿಮದಲ್ಲಿ ಕಾಲು ಮೈಲಿ ಆಚೆ ಏನೂ ಕಾಣಬಾರದು. ಇದು ಕಡಿಮೆಯೆಂದರೂ 3 ಗಂಟೆ ನಡೀಬೇಕು. ಮೋಡದಿಂದ ಒಂದು ಹರಳೂ ಬೀಳಬೇಕಿಲ್ಲ. ಹೋದ ವಾರ ಬಿದ್ದು ಹೊಲದಲ್ಲಿ ಒರಗಿದ್ದ ಪುಡಿಹಿಮವನ್ನೇ ಗಾಳಿ ಎಬ್ಬಿಸಿದರೆ ಸಾಕು. ತಲೆ ಎತ್ತಿದರೆ ನೀಲಿ ಆಕಾಶ, ತಗ್ಗಿಸಿದರೆ ನಿಮ್ಮ ಬೂಟು ನಿಮಗೆ ಕಾಣಲ್ಲ. ಅಕ್ಕಿ ಗಿರಣಿಯ ತೌಡಿನ ಹಾಗೆ ಬಾಗಿಲ ಸಂದಿಯಿಂದಲೂ ನುಗ್ಗುತ್ತೆ. ಉತ್ತರ ಧ್ರುವಕ್ಕೂ ನಮಗೂ ನಡುವೆ ಅಡ್ಡ ಇರೋದು ಒಂದು ಮುಳ್ಳುತಂತಿ ಬೇಲಿ ಮಾತ್ರ ಅಂತ ಇಲ್ಲಿನ ರೈತರು ನಗಾಡ್ತಾರೆ.

ಹಾಗಾಗಿ ಊರು ತಯಾರಾಗೋದು ಹಿಮಕ್ಕಲ್ಲ, ಗಾಳಿಗೆ. ಹೆದ್ದಾರಿ ಪಕ್ಕದ ಕೆಲವು ಹೊಲಗಳಲ್ಲಿ ಕೊಯ್ಲಾದ ಮೇಲೂ ಮುಸುಕಿನ ಜೋಳದ ಒಂದಷ್ಟು ಸಾಲು ಹಾಗೇ ನಿಂತಿರುತ್ತೆ. ಹೊಸದಾಗಿ ಬಂದವರು ರೈತ ಮರೆತುಹೋದ ಅಂದುಕೊಳ್ತಾರೆ. ಅದು ಹಿಮ ತಡೆಯೋ ಬೇಲಿ, ಬಿಟ್ಟಿದ್ದಕ್ಕೆ ರಾಜ್ಯದ ಸಾರಿಗೆ ಇಲಾಖೆ ದುಡ್ಡು ಕೊಡುತ್ತೆ. ತೋಟದ ಮನೆಗಳ ಉತ್ತರಕ್ಕೂ ಪಶ್ಚಿಮಕ್ಕೂ ಮರಗಳ ದಟ್ಟ ಸಾಲು ಇರೋದೂ ಅದಕ್ಕೇ. ಮುನ್ಸೂಚನೆ ಬಂತು ಅಂದರೆ ದನ ಸಾಕಿದವರು ಕರುಗಳನ್ನ ಆ ಮರಗಳ ಮರೆಗೆ ಹೊಡೆದು, ಒಣಹುಲ್ಲು ದಪ್ಪಗೆ ಹಾಸ್ತಾರೆ. ಹೈನುಗಾರರ ಕಷ್ಟ ಇನ್ನೊಂದು ಥರ. ಬಿರುಗಾಳಿ ಅಂತ ಹಸು ಹಾಲು ನಿಲ್ಲಿಸುತ್ತಾ? ಕರೆಂಟ್ ಹೋದರೆ ಕರೆಯೋ ಯಂತ್ರಕ್ಕೆ ಟ್ರ್ಯಾಕ್ಟರಿಗೆ ಜೋಡಿಸೋ ಜನರೇಟರ್ ಬೇಕು. ಹಾಲಿನ ಲಾರಿ ಗಾಳಿ ಏಳೋ ಮುಂಚೆ ಬಂದು ಟ್ಯಾಂಕ್ ಖಾಲಿ ಮಾಡಿಕೊಂಡು ಹೋದರೆ ಬಚಾವು. ರಸ್ತೆ ಮುಚ್ಚಿ ಲಾರಿ ಬರದೆ, ತುಂಬಿದ ಟ್ಯಾಂಕಿನ ಹಾಲನ್ನ ಚರಂಡಿಗೆ ಬಿಡೋದು ಇದೆಯಲ್ಲ, ಅದನ್ನ ನೋಡೋಕಾಗಲ್ಲ.

ಆಸ್ಪತ್ರೆಯಲ್ಲಿ ಡಯಾಲಿಸಿಸ್‌ನವರನ್ನ ಒಂದು ದಿನ ಮುಂಚೆಯೇ ಕರೆಸ್ತಾರೆ, ದಿನ ತುಂಬಿದ ಬಸುರಿಯರಿಗೆ ಊರೊಳಗಿನ ನೆಂಟರ ಮನೆಗೆ ಬಂದಿರಿ ಅಂತಾರೆ. ನರ್ಸುಗಳು ಬಟ್ಟೆ ಬ್ಯಾಗ್ ಹಿಡಕೊಂಡೇ ಡ್ಯೂಟಿಗೆ ಬರ್ತಾರೆ. ಮನೆಗೆ ಯಾವಾಗ ಅನ್ನೋದು ಗಾಳಿಗೆ ಬಿಟ್ಟಿದ್ದು. ಇಂಟರ್‌ಸ್ಟೇಟ್ 90 ಹೆದ್ದಾರಿಗೆ ರೈಲ್ವೆ ಗೇಟಿನಂಥ ಗೇಟು ಇದೆ, ಹಾಕಿಬಿಟ್ಟರೆ ಮುಗೀತು. ಹೆಲಿಕಾಪ್ಟರ್ ಆಂಬುಲೆನ್ಸೂ ಹಾರಲ್ಲ. ಶಾಲೆಗಳು ಹಳ್ಳಿ ಕಡೆಯ ಪ್ರತಿ ಮಗುವಿಗೂ ಊರಲ್ಲೊಂದು ಮನೆ ಗೊತ್ತು ಮಾಡಿರುತ್ತವೆ, ಬಸ್ ಹೊರಡೋ ಹಾಗಿಲ್ಲದಿದ್ದರೆ ರಾತ್ರಿ ಅಲ್ಲೇ. ಈ ಒಂದು ಏರ್ಪಾಡು ನನಗೆ ಬಹಳ ಹಿಡಿಸಿದ್ದು.

ನಮ್ಮ ಮನೆ ಮಟ್ಟಿಗೆ ದೊಡ್ಡ ಘನಕಾರ್ಯವೇನಿಲ್ಲ. ಪ್ರೊಪೇನ್ ಟ್ಯಾಂಕ್ ತುಂಬಿಸೋದು, ಮನೆ ಬಿಸಿ ಮಾಡೋ ಫರ್ನೇಸಿನ, ಗೋಡೆಯಿಂದ ಹೊರಬಂದಿರೋ ಪೈಪಿನ ಬಾಯಿ ಹಿಮದಲ್ಲಿ ಮುಚ್ಚದ ಹಾಗೆ ನೋಡಿಕೊಳ್ಳೋದು. ಮುಚ್ಚಿದರೆ ಕಾರ್ಬನ್ ಮೊನಾಕ್ಸೈಡ್ ಒಳಗೇ ತುಂಬಬಹುದು. ಅದಕ್ಕೆ ವಾಸನೆಯಿಲ್ಲ. ಕಾರಲ್ಲಿ ಸಿಕ್ಕಿಹಾಕಿಕೊಂಡವರೂ ಸೈಲೆನ್ಸರ್ ಸುತ್ತ ಕೆದಕದೆ ಎಂಜಿನ್ ಹಾಕಬಾರದು ಅನ್ನೋದು ಇದಕ್ಕೇ. ಕರೆಂಟ್ ಹೋಗುತ್ತೆ ಅಂತ ಗೊತ್ತಿದ್ದೂ ಇಡ್ಲಿಗೆ ರುಬ್ಬೋದು ದಡ್ಡತನ, ಓವನ್ ದೀಪದ ಶಾಖ ಇಲ್ಲದಿದ್ದರೆ ಈ ಚಳಿಗೆ ಹಿಟ್ಟು ಉಬ್ಬಲ್ಲ. ಅವಲಕ್ಕಿಗೆ ಒಲೆಯೂ ಬೇಡ.

ಇಷ್ಟೆಲ್ಲ ಮಾಡಿದ ಮೇಲೆ ಗಾಳಿ ಐವತ್ತು ಮೈಲಿ ಆಚೆಗೆ ಸರಿದುಹೋದರೆ? ಮಾರನೇ ದಿನ ಕಾಫಿ ಅಂಗಡಿಯಲ್ಲಿ ಶುರು: "ಈ ಹವಾಮಾನದವರಿಗೆ ಸಂಬಳ ಬೇರೆ ಕೇಡು." ಆ ಸಿಟ್ಟು ಪೂರ್ತಿ ಸುಳ್ಳೂ ಅಲ್ಲ. ಪಾಳಿ ರದ್ದಾದರೆ ಗಂಟೆ ಲೆಕ್ಕದಲ್ಲಿ ಮಾಂಸದ ಕಾರ್ಖಾನೆಯಲ್ಲಿ ದುಡಿಯೋನ ಆ ದಿನದ ಕೂಲಿ ಹೋಗುತ್ತೆ. ಮನೇಲಿ ಕೂತು ಲ್ಯಾಪ್‌ಟಾಪ್ ಕುಟ್ಟೋ ನಮಗೆ ಅದರ ಬಿಸಿ ತಟ್ಟಲ್ಲ. ಆದರೆ ಆ ನಷ್ಟ ತುಂಬಿಕೊಡಬೇಕಾದವರು ಕಾರ್ಖಾನೆಯವರು. ಅದನ್ನ ಹವಾಮಾನದವರ ತಲೆಗೆ ಕಟ್ಟೋದು ಯಾವ ನ್ಯಾಯ?

ಮುನ್ಸೂಚನೆ ಇಲ್ಲದೆ ಈ ಬಯಲಲ್ಲಿ ಏನಾಗ್ತಿತ್ತು ಅನ್ನೋದು ಇಲ್ಲಿಯವರಿಗೆ ಚೆನ್ನಾಗೇ ಗೊತ್ತು. 1888ರ ಜನವರಿ 12ರ ಬೆಳಿಗ್ಗೆ ಆ ಕಾಲಕ್ಕೆ ಅಪರೂಪದ ಹಿತವಾದ ಬಿಸಿಲು. ಮಕ್ಕಳು ತೆಳು ಬಟ್ಟೆಯಲ್ಲೇ ಶಾಲೆಗೆ ಹೋದರು. ನೋಡನೋಡುತ್ತಿದ್ದಂತೆ ಹಿಮಗಾಳಿ ಬಂದು ಡಕೋಟಾ, ನೆಬ್ರಾಸ್ಕಾ, ಮಿನೆಸೋಟಾದಲ್ಲಿ ಸತ್ತವರು 235ರಷ್ಟು ಅಂತ ಅಂದಾಜು. ಅದರಲ್ಲಿ ಶಾಲೆಯಿಂದ ಮನೆಗೆ ಹೊರಟಿದ್ದ ಮಕ್ಕಳು ಎಷ್ಟೋ. 1940ರ ನವೆಂಬರ್ 11ರಂದು ಮತ್ತೆ ಅಂಥದ್ದೇ ಹಿತವಾದ ಬೆಳಿಗ್ಗೆ. ಮಿನೆಸೋಟಾದಲ್ಲೇ 49 ಸಾವು, ಅವರಲ್ಲಿ ಬಾತುಕೋಳಿ ಬೇಟೆಗೆ ಹೋಗಿದ್ದವರು ಬಹಳ. ಆಗ ಈ ಪ್ರದೇಶದ ಮುನ್ಸೂಚನೆ ಬರೀತಿದ್ದದ್ದು ದೂರದ ಶಿಕಾಗೋ ಕಚೇರಿ, ರಾತ್ರಿ ಪಾಳಿಗೆ ಅಲ್ಲಿ ಜನರೇ ಇರಲಿಲ್ಲ. ಅದಾದ ಮೇಲೆ ಇಲ್ಲಿನ ಕಚೇರಿಗೇ ಆ ಕೆಲಸ ಕೊಟ್ಟರು. ದಿನದ 24 ಗಂಟೆಯೂ ಎಚ್ಚರ ಇರೋ ಪದ್ಧತಿ ಬಂತು.

ಈಗ ಬಹಳಷ್ಟು ಸಲ ಮೂರ್ನಾಲ್ಕು ದಿನ ಮುಂಚೆಯೇ ಸುಳಿವು ಸಿಗುತ್ತೆ. ಅದರ ಹಿಂದೆ ದೇಶದ ಸುಮಾರು 90 ಕಡೆಯಿಂದ ದಿನಕ್ಕೆರಡು ಸಲ ಬಿಡೋ ಬಲೂನುಗಳೂ ಇವೆ. ಮೇಲೇರುತ್ತಾ ಉಷ್ಣಾಂಶ, ತೇವ, ಒತ್ತಡ, ಗಾಳಿಯ ಲೆಕ್ಕ ಕಳಿಸುತ್ತವೆ. ರಾಕಿ ಬೆಟ್ಟಗಳ ಪೂರ್ವಕ್ಕೆ ಹುಟ್ಟೋ ಬಿರುಗಾಳಿ ನಮ್ಮ ಕಡೆ ತಿರುಗೋ ಮುಂಚೆ ಅದರ ನಾಡಿ ಸಿಗೋದು ಇಂಥ ಕಡೆಗಳಲ್ಲೇ. 2025ರ ಮಾರ್ಚ್‌ನಲ್ಲಿ ಸಿಬ್ಬಂದಿ ಸಾಲದು ಅಂತ ನೆಬ್ರಾಸ್ಕಾದ ಒಮಾಹಾದಲ್ಲೂ ಸೌತ್ ಡಕೋಟಾದ ರ‍್ಯಾಪಿಡ್ ಸಿಟಿಯಲ್ಲೂ ಬಲೂನ್ ನಿಲ್ಲಿಸಿದರು. ಅದೇ ರಾಜ್ಯದ ಅಬರ್ಡೀನ್‌ನಲ್ಲಿ ದಿನಕ್ಕೊಂದು ಮಾಡಿದರು. ಭೂಪಟ ತೆಗೆದು ನೋಡಿ, ಎಲ್ಲಾ ನಮ್ಮ ಅಕ್ಕಪಕ್ಕ, ಗಾಳಿ ಬರೋ ದಾರಿಯಲ್ಲೇ. 1940ರಲ್ಲಿ ಶಿಕಾಗೋದಲ್ಲಿ ಕುರ್ಚಿ ಖಾಲಿ ಇದ್ದದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ ಅಂತ ನನಗಂತೂ ಕಾಣಲ್ಲ.

ಸರ್ಕಾರ ಚಿಕ್ಕದಾಗಬೇಕು ಅನ್ನೋರೇ ನಮ್ಮ ಕೌಂಟಿಯಲ್ಲಿ ಜಾಸ್ತಿ. ಇರಲಿ. ಆದರೆ ಫೋನಿನ ಆ್ಯಪ್ ಆಗಲಿ, ಟಿವಿಯ ಹವಾಮಾನದವನಾಗಲಿ ನೆಚ್ಚಿರೋದು ಆ ಸರ್ಕಾರಿ ಬಲೂನಿನ ಅಂಕಿಗಳನ್ನೂ ಅಂತ ಹೇಳಿದರೆ "ಓ ಹೌದಾ" ಅಂತಾರೆ, ಅಲ್ಲಿಗೆ ಮಾತು ಮುಗಿಯುತ್ತೆ. ನನಗೆ ಇಲ್ಲಿ ಓಟಿಲ್ಲ. ಇರೋರಿಗೆ ಹೇಳ್ತಾನೇ ಇದ್ದೀನಿ.